ಉತ್ತರ ಯಾರಿಗೆ ಹೋಗಬೇಕು: ಮಟ್‌ನಲ್ಲಿ ನಾನು ಮಾಡಿಕೊಂಡ ದಾರಿ

ನನ್ನ ಮೇಲ್‌ಗೆ ಬರೆಯುವ ಉತ್ತರ ಸರಿಯಾದವರಿಗಷ್ಟೇ ಹೋಗುವಂತೆ ಮಟ್‌ನಲ್ಲೇ (ಟರ್ಮಿನಲ್‌ನಲ್ಲಿ ಓಡುವ ಮೇಲ್ ಪ್ರೋಗ್ರಾಂ) ಹೊಂದಿಸ್ತೀನಿ ಅಂದಾಗ, "ಮೇಲ್ ಕಳಿಸೋದಷ್ಟೇ ನಿನ್ನ ಕೈಲಿರೋದು. ಉತ್ತರ ಯಾರಿಗೆ ಹೋಗುತ್ತೆ ಅನ್ನೋದು ಅವರ ಕೈಲಿ. ಸುಮ್ನೆ ತಲೆ ಕೆಡಿಸ್ಕೋಬೇಡ" ಎಂದು ಗೆಳೆಯರು ನಕ್ಕಿದ್ದರು. ಎಲ್ಲ ಸರಿಯಾಗಿ ಕೂತು ಈಗ ಎಂಟು ತಿಂಗಳಾಯಿತು, ಒಂದು ಉತ್ತರವೂ ದಾರಿ ತಪ್ಪಿಲ್ಲ.

ಬುದ್ಧಿ ಬಂದಿದ್ದು ದುಡ್ಡು ಹೋದ ಮೇಲೆ. ಗಿರಾಕಿಯೊಬ್ಬರಿಗೆ ದರ ಬರೆದು ಕಳಿಸುವಾಗ, ನಮಗೆ ಮಾಲು ಕೊಡುವವರನ್ನು ಬಿಸಿಸಿಯಲ್ಲಿ (ಉಳಿದವರಿಗೆ ಕಾಣದಂತೆ ಹೋಗುವ ಪ್ರತಿ) ಹಾಕಿದ್ದೆ. ಅವರಿಗೂ ಗೊತ್ತಿರಲಿ ಅಂತ. ಅವರೋ 'ರಿಪ್ಲೈ ಆಲ್' ಒತ್ತಿ ತಮ್ಮ ದರ ಬರೆದುಬಿಟ್ಟರು. ಬಿಸಿಸಿಯಲ್ಲಿ ಇರುವವರಿಗೆ ಟು, ಸಿಸಿ ಎರಡೂ ಕಾಣುತ್ತವೆ ಅಲ್ವಾ, ಉತ್ತರ ನೇರವಾಗಿ ಗಿರಾಕಿಗೂ ಹೋಯಿತು. ನನ್ನ ಲಾಭ ಎಷ್ಟೆಂದು ಬಯಲಾಯಿತು. ಶೇ. 15ರಷ್ಟೋ ಏನೋ ಇಳಿಸಬೇಕಾಯಿತು. ಆ ಕೆಲಸದಲ್ಲಿ ಕೊನೆಗೆ ಏನೂ ಉಳಿಯಲಿಲ್ಲ.

ಗಾಬರಿಯಲ್ಲಿ ಎಲ್ಲರೂ ಸೇರಿ ಬಳಸುವ ಇನ್‌ಬಾಕ್ಸ್ ಸೇವೆಯೊಂದಕ್ಕೆ ಮೂರು ತಿಂಗಳು ಚಂದಾ ಕಟ್ಟಿದೆ. ಬಂದ ಮೇಲನ್ನೆಲ್ಲ ಅದು ಚೆನ್ನಾಗಿಯೇ ವಿಂಗಡಿಸುತ್ತಿತ್ತು. ತಪ್ಪಿದ ಮೇಲ್ ಬರುವುದೇ ಇಲ್ಲವಲ್ಲ, ಅದನ್ನೇನು ವಿಂಗಡಿಸುತ್ತೆ?

ಮತ್ತೆ ಮಟ್‌ಗೇ ಬಂದೆ. ಗಿರಾಕಿಗೊಂದರಂತೆ ಸೆಂಡ್-ಹುಕ್ (ಮೇಲ್ ಯಾರಿಗೆ ಎಂದು ನೋಡಿ ತಾನೇ ಓಡುವ ಸೆಟ್ಟಿಂಗ್ ಸಾಲು) ಬರೆದು ರಿಪ್ಲೈ-ಟು, ಅಂದರೆ ಉತ್ತರ ಯಾವ ವಿಳಾಸಕ್ಕೆ ಹೋಗಬೇಕೆಂದು ಹೇಳುವ ಹೆಡರ್, ಕೂರಿಸಿದೆ. ಮೊದಲ ವಾರವೇ ಎಡವಟ್ಟು. ಹುಕ್‌ನಲ್ಲಿ ಹಾಕಿದ ಹೆಡರ್ ಆ ಮೇಲ್‌ಗೆ ಮುಗಿಯುವುದಿಲ್ಲ, ತೆಗೆಯುವವರೆಗೂ ಮುಂದಿನ ಮೇಲ್‌ಗಳಿಗೂ ಅಂಟಿಕೊಂಡೇ ಇರುತ್ತದೆ. ಲೆಕ್ಕದ ವಿಳಾಸಕ್ಕೆ ಬರಬೇಕಾದ ನಾಲ್ಕೈದು ಉತ್ತರ ಇನ್ನೆಲ್ಲೋ ಬಿದ್ದವು. ಹೆಡರ್ ಅಳಿಸುವ ಸಾಲನ್ನು ಕೊನೆಯಲ್ಲಿ ಸೇರಿಸಿದೆ. ಆಗ ಎಲ್ಲವೂ ಅಳಿಸಿಹೋಯಿತು! ಹುಕ್‌ಗಳು ಬರೆದ ಕ್ರಮದಲ್ಲೇ ಓಡುತ್ತವೆ. ಅಳಿಸುವುದು ಮೇಲೆ, ಉಳಿದದ್ದು ಕೆಳಗೆ. ಇಷ್ಟು ಹೊಳೆಯಲು ಎರಡು ರಾತ್ರಿ ಹೋಯಿತು. ಇನ್ನೊಂದು: ಮೇಲ್ ಬರೆದಾದ ಮೇಲೆ ಸಿಸಿಯಲ್ಲಿ ಹೊಸಬರನ್ನು ಸೇರಿಸಿದರೆ ಸೆಂಡ್-ಹುಕ್ ಮತ್ತೆ ಓಡಲ್ಲ. ಆಗ ಓಡುವುದು ಸೆಂಡ್2-ಹುಕ್.

'ರಿಪ್ಲೈ ಆಲ್' ಉತ್ತರ ಯಾರಿಗೆಲ್ಲ ಹೋಗಬೇಕೆಂದು ಹೇಳುವ ಮೇಲ್-ಫಾಲೋಅಪ್-ಟು ಹೆಡರನ್ನೂ ಪರೀಕ್ಷಿಸಿದೆ. ಮಟ್ ಮಟ್ಟಿಗೆ ಮರ್ಯಾದೆ ಕೊಡುತ್ತೆ. ಗಿರಾಕಿಗಳು ಬಳಸುವ ಪ್ರೋಗ್ರಾಂಗಳು ಅದರತ್ತ ತಿರುಗಿಯೂ ನೋಡಲಿಲ್ಲ. ರಿಪ್ಲೈ-ಟುನಲ್ಲಿ ಎರಡು ವಿಳಾಸ ಹಾಕುವುದು ನಿಯಮದ ಪ್ರಕಾರ ಸರಿ. ಆದರೂ ಒಬ್ಬರ ಫೋನು ಮೊದಲನೆಯದನ್ನಷ್ಟೇ ಹಿಡಿಯಿತು. ಬಿಟ್ಟೆ.

ಅಸಲಿ ಮಾತು ಬೇರೆ. ರಿಪ್ಲೈ-ಟು ಹಿಡಿಯುವುದು ಫ್ರಮ್ (ಕಳಿಸಿದವರ) ವಿಳಾಸದ ಜಾಗವನ್ನು ಮಾತ್ರ. 'ರಿಪ್ಲೈ ಆಲ್' ಒತ್ತಿದರೆ ಟು, ಸಿಸಿಯವರಿಗೆಲ್ಲ ಹೋಗಿಯೇ ಹೋಗುತ್ತದೆ. ಹಾಗಾಗಿ ಈಗ ಹಲವರಿಗೆ ಕಳಿಸುವಾಗ ಟುನಲ್ಲಿ ನನ್ನದೇ ವಿಳಾಸ, ಉಳಿದವರೆಲ್ಲ ಬಿಸಿಸಿ. ಆಗ ಏನೇ ಒತ್ತಿದರೂ ನನಗೇ ಬರುತ್ತದೆ. ಮಾಲು ಕೊಡುವವರಿಗೆ ಮಾತ್ರ ಬಿಸಿಸಿ ಇಲ್ಲ, ಕಳಿಸಿದ ಪ್ರತಿಯನ್ನು ಆಮೇಲೆ ಪ್ರತ್ಯೇಕವಾಗಿ ಫಾರ್ವರ್ಡ್ ಮಾಡುತ್ತೇನೆ.

ಬಿಸಿಸಿ ಮರೆತರೆ ಕಳಿಸುವ ಮೊದಲೇ ತಡೆಯುವ ಪುಟ್ಟ ಸ್ಕ್ರಿಪ್ಟೂ ಒಂದಿದೆ. ಅದನ್ನು ಇಲ್ಲಿ ಹಾಕಲ್ಲ. ನಕ್ಕಿದ್ದ ಗೆಳೆಯನೇ ಮೊನ್ನೆ ನನ್ನ ಕಾನ್ಫಿಗ್ (ಮಟ್‌ನ ಸೆಟ್ಟಿಂಗ್ ಫೈಲ್) ಕೇಳಿದ. ಆ ಸ್ಕ್ರಿಪ್ಟಿನ ಸಾಲುಗಳನ್ನು ತೆಗೆದೇ ಕೊಟ್ಟಿದ್ದೇನೆ.