ಇಳಿಸುವುದಕ್ಕೆ ಮೊದಲು ನಾನು ಕಲಿಸುವುದು ಗೋ-ಅರೌಂಡ್

ಕಲಬುರಗಿಯಲ್ಲಿ ನಾನು ಸೆಸ್ನಾ 172 ವಿಮಾನದಲ್ಲಿ ಹಾರಾಟ ಕಲಿಸುತ್ತೇನೆ. ಲ್ಯಾಂಡಿಂಗ್ ಯಾವಾಗ ಸರ್ ಅಂತ ಹುಡುಗರು ಕೇಳುತ್ತಲೇ ಇರುತ್ತಾರೆ. ನಾನು ಮೊದಲು ಕಲಿಸುವುದು ಇಳಿಯದೆ ಮತ್ತೆ ಮೇಲೇರುವುದನ್ನು, ಅಂದರೆ ಗೋ-ಅರೌಂಡ್.

ಕಾರಣ ಇದೆ. ವಿಮಾನ ಒಂದು ಸಲ ಸ್ವಲ್ಪ ಪುಟಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಪುಟಿದ ತಕ್ಷಣ ವಿದ್ಯಾರ್ಥಿ ಗಾಬರಿಯಾಗಿ ಮೂತಿ ಕೆಳಗೆ ಒತ್ತುತ್ತಾನಲ್ಲ, ತೊಂದರೆ ಶುರುವಾಗುವುದೇ ಅಲ್ಲಿ. ಮುಂದಿನ ಚಕ್ರ ಮೊದಲು ನೆಲಕ್ಕೆ ಬಡಿಯುತ್ತದೆ, ವಿಮಾನ ಇನ್ನೂ ಜಾಸ್ತಿ ಪುಟಿಯುತ್ತದೆ. ಅವನು ಕಂಟ್ರೋಲ್ ಎಳೆಯುವ ಹೊತ್ತಿಗೆ ವಿಮಾನ ಆಗಲೇ ಮೇಲೇರುತ್ತಿರುತ್ತದೆ, ಒತ್ತುವ ಹೊತ್ತಿಗೆ ಆಗಲೇ ಇಳಿಯುತ್ತಿರುತ್ತದೆ. ಹೀಗೇ ಎರಡು ಮೂರು ಸಲ ಆದರೆ ಮುಂದಿನ ಚಕ್ರದ ಕಾಲು ಮುರಿಯಬಹುದು, ಪ್ರೊಪೆಲ್ಲರ್ ರನ್‌ವೇಗೆ ತಾಗಬಹುದು. ಪ್ರೊಪೆಲ್ಲರ್ ತಾಗಿದರೆ ಎಂಜಿನ್ ಬಿಚ್ಚಿ ನೋಡಲೇಬೇಕು. ಅಲ್ಲಿಗೆ ಹೋಗುವ ಮೊದಲೇ ಗೋ-ಅರೌಂಡ್ ಮಾಡಿಬಿಡಬೇಕು.

ನಮ್ಮ ರನ್‌ವೇ 3 ಕಿ.ಮೀ.ಗಿಂತ ಉದ್ದ, 45 ಮೀಟರ್ ಅಗಲ. ಉದ್ದ ಇರುವುದರಿಂದಲೇ ಹುಡುಗರಿಗೆ 'ಇನ್ನೂ ಜಾಗ ಇದೆ' ಅನ್ನಿಸುತ್ತದೆ, ವೇಗ ಜಾಸ್ತಿ ಇದ್ದರೂ ಹಾಗೇ ಬರುತ್ತಾರೆ. ವೇಗ ಹತ್ತನೇ ಒಂದು ಭಾಗ ಹೆಚ್ಚಿದರೆ ಚಲನಶಕ್ತಿ ಶೇ. 21 ಹೆಚ್ಚುತ್ತದೆ. ಅಷ್ಟನ್ನೂ ಹೊತ್ತ ವಿಮಾನ ರನ್‌ವೇ ಮೇಲೆ ತೇಲುತ್ತಲೇ ಇರುತ್ತದೆ. ಅಗಲದ್ದು ಬೇರೆ ಮೋಸ. ಕಿರಿದಾದ ರನ್‌ವೇ ನೋಡಿದ ಕಣ್ಣಿಗೆ ಇಲ್ಲಿ ನೆಲ ಹತ್ತಿರ ಬಂತು ಅನ್ನಿಸುತ್ತದೆ, ಎತ್ತರದಲ್ಲೇ ಮೂತಿ ಎತ್ತಿಬಿಡುತ್ತಾರೆ, ವಿಮಾನ ಧಪ್ಪನೆ ಬೀಳುತ್ತದೆ. ಅದಕ್ಕೇ ಕಣ್ಣು ರನ್‌ವೇಯ ಆಚೆ ತುದಿಯಲ್ಲಿರಲಿ ಎನ್ನುತ್ತೇನೆ. ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ಕಾದ ಎರೆಹೊಲಗಳಿಂದ ಗಾಳಿ ಮೇಲೇಳುತ್ತದೆ, ವಿಮಾನ ಕುಲುಕುತ್ತದೆ. ಅದಕ್ಕೇ ಹೊಸಬರನ್ನು ಬೆಳಗ್ಗೆ ಬೇಗ ಹಾರಿಸುತ್ತೇನೆ.

ಗೋ-ಅರೌಂಡ್ ಅಂದರೆ ಸುಮ್ನೆ ಥ್ರಾಟಲ್ (ಎಂಜಿನ್‌ಗೆ ಪವರ್ ಕೊಡುವ ಹಿಡಿ) ತಳ್ಳುವುದಲ್ಲ. ಇಳಿಯಲು ಟ್ರಿಮ್ ಮಾಡಿದ, ಅಂದರೆ ಇಳಿಯುವ ವೇಗದಲ್ಲಿ ತಾನಾಗಿ ಸ್ಥಿರವಾಗಿರುವಂತೆ ಹೊಂದಿಸಿದ ವಿಮಾನಕ್ಕೆ ಪೂರ್ತಿ ಪವರ್ ಕೊಟ್ಟರೆ ಮೂತಿ ತಾನೇ ಮೇಲೇಳುತ್ತದೆ, ಎಡಕ್ಕೂ ಎಳೆಯುತ್ತದೆ. ಮೂತಿಯನ್ನು ಗಟ್ಟಿಯಾಗಿ ತಡೆದು ಹಿಡಿಯಬೇಕು, ಬಲಗಾಲಲ್ಲಿ ರಡ್ಡರ್ (ಮೂತಿಯನ್ನು ಎಡ-ಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಪೆಡಲ್ ಒತ್ತಬೇಕು. ಇಳಿಯಲು ಕೆಳಗೆ ಬಿಟ್ಟ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಪಟ್ಟಿ) ಮೊದಲು 20 ಡಿಗ್ರಿಗೆ ತರಬೇಕು, ಉಳಿದದ್ದು ವೇಗ, ಎತ್ತರ ಸಿಕ್ಕ ಮೇಲೆ. ಒಮ್ಮೆಲೇ ಪೂರ್ತಿ ಮಡಚಿದರೆ ವಿಮಾನ ಕುಸಿಯುತ್ತದೆ. ಇದನ್ನು ಮೊದಲು ಎತ್ತರದಲ್ಲಿ ಮಾಡಿಸುತ್ತೇನೆ, ಆಮೇಲೆ ರನ್‌ವೇ ಮೇಲೆ.

ಹುಡುಗರು ಹಿಂಜರಿಯುವುದು ದುಡ್ಡಿನಿಂದ. ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು, ಎಷ್ಟೋ ಮನೆಯವರು ಸಾಲ ಮಾಡಿ ಕಳಿಸಿರುತ್ತಾರೆ. ಇಳಿಯದೆ ಹೋದರೆ ಒಂದು ಸುತ್ತು ದಂಡ ಅನ್ನಿಸುತ್ತದೆ. ಆ ಸುತ್ತೂ ಲಾಗ್‌ಬುಕ್‌ನಲ್ಲಿ ಹಾರಾಟದ ಹೊತ್ತಾಗಿಯೇ ಸೇರುತ್ತದೆ ಅಂತ ಮೊದಲ ದಿನವೇ ಹೇಳುತ್ತೇನೆ. ಗೋ-ಅರೌಂಡ್ ಮಾಡಿದವರನ್ನು ಯಾವತ್ತೂ ಬೈಯುವುದಿಲ್ಲ.

ಸೋಲೋಗೆ ಬಿಡುವ ಮುನ್ನ ನಾನು ನೋಡುವುದು ಇಷ್ಟೇ. ನಾನು ಬಾಯಿ ಬಿಡುವ ಮೊದಲೇ 'ಗೋಯಿಂಗ್ ಅರೌಂಡ್' ಅಂತ ತಾನಾಗಿ ಹೇಳಿ ಥ್ರಾಟಲ್ ತಳ್ಳುತ್ತಾರಾ? ಹಾಗೆ ಮಾಡಿದವರನ್ನು ಒಬ್ಬರೇ ಹಾರಲು ಬಿಡುತ್ತೇನೆ. ಬರೀ ನಯವಾಗಿ ಇಳಿಸಿ ತೋರಿಸಿದವರು ಇನ್ನೂ ನನ್ನ ಜೊತೆಗೇ ಹಾರಬೇಕು.