ಪದಪಟ್ಟಿ ಮಾಡುತ್ತ ಕಮಾಂಡ್ ಲೈನ್ ಕಲಿತದ್ದು

ಕಮಾಂಡ್ ಲೈನ್, ಅಂದರೆ ಆದೇಶಗಳನ್ನು ಟೈಪ್ ಮಾಡಿ ಕಂಪ್ಯೂಟರಿನಿಂದ ಕೆಲಸ ಮಾಡಿಸುವ ವಿಧಾನ, ಕಲಿಯಲು ನಾನು ಹಿಡಿದ ಕೆಲಸ ಒಂದೇ: ನನ್ನಲ್ಲಿದ್ದ ಕನ್ನಡ ಲೇಖನಗಳ ಫೈಲುಗಳಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವುದು. ಕಮಾಂಡುಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ನಮಗೆ ನಿಜವಾಗಿ ಬೇಕಾದ ಒಂದು ಕೆಲಸವನ್ನು ಹಿಡಿದು ಹೊರಡುವುದೇ ಹೊಸಬರಿಗೆ ಸರಿಯಾದ ದಾರಿ ಎಂದು ನಾನು ದೃಢವಾಗಿ ನಂಬುತ್ತೇನೆ.

ಯಾವ ಫೋಲ್ಡರಿನಲ್ಲಿದ್ದೇವೆ ಎಂದು ಹೇಳುವ ಪಿಡಬ್ಲ್ಯುಡಿ (pwd), ಅದರಲ್ಲಿರುವುದನ್ನು ತೋರಿಸುವ ಎಲ್ಎಸ್ (ls), ಬೇರೆ ಫೋಲ್ಡರಿಗೆ ಹೋಗುವ ಸಿಡಿ (cd) ಎಂಬ ಕಮಾಂಡುಗಳು ಬೇಗ ಕೈಗೆ ಹತ್ತಿದವು. ಕಲಿಕೆಗೆ ಬಲ ಬಂದದ್ದು ಪೈಪಿನಿಂದ. ಡಗ್ಲಸ್ ಮೆಕಿಲ್‌ರಾಯ್ ಅವರ ಸಲಹೆಯಂತೆ ಕೆನ್ ಥಾಂಪ್ಸನ್ 1973ರಲ್ಲಿ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಗೆ ಸೇರಿಸಿದ ಈ ಸೌಲಭ್ಯವು ಒಂದು ಕಮಾಂಡಿನ ಫಲಿತಾಂಶವನ್ನು ನೇರವಾಗಿ ಮುಂದಿನದಕ್ಕೆ ಒಪ್ಪಿಸುತ್ತದೆ. ನನ್ನ ಎಣಿಕೆಯಲ್ಲಿ ಟಿಆರ್ (tr) ಎಂಬ ಕಮಾಂಡ್ ಖಾಲಿ ಜಾಗಗಳನ್ನು ಹೊಸ ಸಾಲುಗಳಾಗಿಸಿ ಸಾಲಿಗೊಂದು ಪದವನ್ನು ಕೊಡುತ್ತದೆ, ಸಾರ್ಟ್ (sort) ಅವನ್ನು ಕ್ರಮವಾಗಿ ಜೋಡಿಸುತ್ತದೆ, ಯುನಿಕ್ (uniq) ಎಣಿಸುತ್ತದೆ, ಇನ್ನೊಂದು ಸಾರ್ಟ್ ಹೆಚ್ಚು ಬಂದ ಪದವನ್ನು ಮೇಲಕ್ಕೆ ತರುತ್ತದೆ. ಯುನಿಕ್ ಪಕ್ಕಪಕ್ಕದ ಸಾಲುಗಳನ್ನಷ್ಟೇ ಹೋಲಿಸುವುದರಿಂದ ಅದಕ್ಕೂ ಮೊದಲು ಸಾರ್ಟ್ ಇರಲೇಬೇಕು. ಪ್ರತಿ ಹಂತದ ಕೊನೆಗೆ ಹೆಡ್ ಸೇರಿಸಿ, ಮೊದಲ ಹತ್ತು ಸಾಲುಗಳನ್ನು ಕಣ್ಣಾರೆ ನೋಡಿದ ಮೇಲೆಯೇ ನಾನು ಮುಂದಿನ ಹಂತವನ್ನು ಬರೆಯುತ್ತಿದ್ದೆ.

ಕನ್ನಡ ಪಠ್ಯಕ್ಕೆ ಇನ್ನೊಂದು ಎಚ್ಚರ ಬೇಕು. ‘ಕನ್ನಡ’ ನಮ್ಮ ಕಣ್ಣಿಗೆ ಮೂರಕ್ಷರ; ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಅದು 5 ಸಂಕೇತ, ಆ ಸಂಕೇತಗಳನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ವಿಧಾನದಲ್ಲಿ 15 ಬೈಟ್. ಲಿನಕ್ಸ್‌ನಲ್ಲಿ ನಾನು ಬಳಸುವ ಟಿಆರ್ ಅಕ್ಷರಗಳನ್ನಲ್ಲ, ಬೈಟುಗಳನ್ನು ನೋಡುತ್ತದೆ. ಬಾಗಿದ ಒಂಟಿ ಉದ್ಧರಣದ ಆರಂಭ ಚಿಹ್ನೆಯ (‘) ಮೂರು ಬೈಟುಗಳಲ್ಲಿ ಎರಡು ಕನ್ನಡದಲ್ಲೂ ಇವೆ: ಒಂದು ಈಕಾರದ ಚಿಹ್ನೆಯಲ್ಲಿ, ಇನ್ನೊಂದು ಘಕಾರದಲ್ಲಿ. ಹಾಗಾಗಿ ಆ ಚಿಹ್ನೆಯನ್ನು ಟಿಆರ್‌ನಿಂದ ಅಳಿಸಿದರೆ ‘ದೀರ್ಘ’ ಎಂಬ ಪದ ಎರಡು ಕಡೆ ಒಡೆಯುತ್ತದೆ. ಅಂಥ ಕೆಲಸಕ್ಕೆ, ಪಠ್ಯವನ್ನು ಹುಡುಕಿ ಬದಲಿಸುವ ಸೆಡ್ (sed) ಬಳಸಬೇಕು. ಲೊಕೇಲ್, ಅಂದರೆ ವ್ಯವಸ್ಥೆಯ ಭಾಷೆ-ಅಕ್ಷರಗಳ ಆಯ್ಕೆ, ಯುಟಿಎಫ್-8 ಆಗಿದೆಯೇ ಎಂದೂ ನೋಡಿಕೊಳ್ಳಬೇಕು. ಕನ್ನಡದ ಕೆಲಸ ಮಾಡುವವರಿಗೆ ಇದನ್ನು ಆರಂಭದಲ್ಲೇ ಹೇಳಿಕೊಡಬೇಕು.

ಪೈಪಿನ ಸಾಲು ಸರಿಯಾದ ಮೇಲೆ ಅದನ್ನೇ ಒಂದು ಫೈಲಿನಲ್ಲಿಟ್ಟು, ಮೊದಲ ಸಾಲಿನಲ್ಲಿ ಬ್ಯಾಷ್ ಎಂಬ ಶೆಲ್ಲನ್ನು (ಕಮಾಂಡುಗಳನ್ನು ಓದಿ ನಡೆಸುವ ಪ್ರೋಗ್ರಾಂ) ಹೆಸರಿಸಿ, ಸಿಎಚ್‌ಮಾಡ್ (chmod) ಕಮಾಂಡಿನಿಂದ ಚಲಾಯಿಸುವ ಅನುಮತಿ ಕೊಟ್ಟೆ. ಫೋಲ್ಡರಿನ ಎಲ್ಲ ಲೇಖನಗಳಿಗೂ ಅದನ್ನು ಅನ್ವಯಿಸಲು, ಒಂದೇ ಕೆಲಸವನ್ನು ಪ್ರತಿ ಫೈಲಿಗೂ ಮರಳಿ ಮಾಡಿಸುವ ಫಾರ್ ಲೂಪ್ ಸಾಕಾಯಿತು. ಫೈಲಿನ ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಶೆಲ್ ಅದನ್ನು ಎರಡು ಹೆಸರುಗಳಾಗಿ ಒಡೆಯುವುದರಿಂದ, ಆ ಹೆಸರನ್ನು ಹಿಡಿದಿಡುವ ವೇರಿಯಬಲ್‌ಗಳನ್ನು ಯಾವಾಗಲೂ ಜೋಡಿ ಉದ್ಧರಣದೊಳಗೆ ಬರೆಯುತ್ತೇನೆ. ಫೈಲುಗಳನ್ನು ಅಳಿಸುವ ಅಥವಾ ಹೆಸರು ಬದಲಿಸುವ ಲೂಪ್ ಆದರೆ, ಆ ಕಮಾಂಡಿನ ಮೊದಲು, ಅದನ್ನು ನಡೆಸದೆ ತೆರೆಯ ಮೇಲೆ ತೋರಿಸುವಂತೆ ಮಾಡುವ ಎಕೋ (echo) ಸೇರಿಸಿ ಓಡಿಸಿ, ತೆರೆಯ ಮೇಲೆ ಮೂಡಿದ ಪ್ರತಿ ಸಾಲನ್ನೂ ಓದಿದ ನಂತರವೇ ಎಕೋವನ್ನು ತೆಗೆಯುತ್ತೇನೆ.