ಟಿಬಿ ಮಾತ್ರೆ ಶುರುವಾದ ದಿನವೇ ಈ ಐದು ಲಕ್ಷಣ ನೋಡಿ

ಟಿಬಿ ಅಂತ ಗೊತ್ತಾಯಿತು, ಮಾತ್ರೆ ಕೊಟ್ಟರು, ಇನ್ನು ಆರು ತಿಂಗಳಲ್ಲಿ ವಾಸಿ ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಬಹಳಷ್ಟು ಜನರಿಗೆ ಅದು ನಿಜವೇ. ಆದರೆ ಟಿಬಿಯಿಂದ ಸಾಯುವವರಲ್ಲಿ ಹೆಚ್ಚಿನವರು ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲೇ ಸಾಯುತ್ತಾರೆ. ಮಾತ್ರೆ ಕೆಲಸ ಮಾಡೋಕೆ ಸಮಯ ಬೇಕು, ತೀರಾ ಸೊರಗಿದ ದೇಹ ಅಷ್ಟು ದಿನ ತಡೆಯುವುದಿಲ್ಲ.

ತಮಿಳುನಾಡು 2022ರಲ್ಲಿ ‘ಕಾಸನೋಯ್ ಇರಪ್ಪಿಲ್ಲಾ ತಿಟ್ಟಂ’, ಅಂದರೆ ಟಿಬಿ ಸಾವಿಲ್ಲದ ಯೋಜನೆ, ಶುರು ಮಾಡಿತು. ಟಿಬಿ ಪತ್ತೆಯಾದ ಕೂಡಲೇ ರೋಗಿಯಲ್ಲಿ ಐದು ಲಕ್ಷಣ ನೋಡಿ, ಕಂಡರೆ ಅಡ್ಮಿಟ್ ಮಾಡುವುದು ಅದರ ಕ್ರಮ. ಅದಕ್ಕೂ ಮೊದಲು, 2020-21ರಲ್ಲಿ, ನಮ್ಮ ಕರ್ನಾಟಕದ ಕೆಲವು ಜಿಲ್ಲೆಗಳಲ್ಲೇ ಇಂಥ ಪರೀಕ್ಷೆ ಮಾಡಿ ನೋಡಿದ್ದರು. ಲ್ಯಾಬ್ ಬೇಡ, ಮನೆಯಲ್ಲೇ ಆಗುತ್ತದೆ.

ಮೊದಲು ತೂಕ, ಆಮೇಲೆ ಉಸಿರು

ತೂಕವನ್ನು (ಕೆಜಿ) ಎತ್ತರದಿಂದ (ಮೀಟರ್) ಎರಡು ಸಲ ಭಾಗಿಸಿ. ಉತ್ತರ 14 ಅಥವಾ ಅದಕ್ಕಿಂತ ಕಡಿಮೆಯಾ? ಅಪಾಯ. ಐದೂಕಾಲು ಅಡಿ ಎತ್ತರದವರು ಸುಮಾರು 36 ಕೆಜಿಗೆ ಇಳಿದರೆ ಈ ಲೆಕ್ಕಕ್ಕೆ ಬರುತ್ತಾರೆ. ಉತ್ತರ 16ರ ಒಳಗಿದ್ದು ಕಾಲು ಊದಿದ್ದರೂ ಅಷ್ಟೇ ಅಪಾಯ. ಊತ ನೋಡಿ ‘ಮೈ ತುಂಬಿಕೊಂಡಿದೆ’ ಅಂದುಕೊಳ್ಳಬೇಡಿ.

ಉಸಿರನ್ನು ರೋಗಿಗೆ ಹೇಳದೆ ಎಣಿಸಿ. ಹೇಳಿದರೆ ಉಸಿರಾಟ ಬದಲಾಗುತ್ತದೆ. ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ. 24ಕ್ಕಿಂತ ಜಾಸ್ತಿ ಇರಬಾರದು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಕಪಾಟಿನಲ್ಲಿ ಇರಬಹುದು, ಅಲ್ವಾ? ಅದರಲ್ಲಿ 94ಕ್ಕಿಂತ ಕಡಿಮೆ ಬರಬಾರದು. ಕೊನೆಗೆ, ಆಸರೆ ಇಲ್ಲದೆ ನಿಲ್ಲಲು ಹೇಳಿ. ನಿಲ್ಲಲಾಗದಿದ್ದರೆ ಅದೂ ಅಪಾಯ.

ಐದರಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ. ದಿನಗಟ್ಟಲೆ ತಲೆನೋವು, ವಾಂತಿ, ಮಾತಿನಲ್ಲಿ ಗೊಂದಲ ಇದ್ದರೆ ಎಣಿಸುತ್ತಾ ಕೂರಲೇಬೇಡಿ. ಅದು ಮೆದುಳಿನ ಪೊರೆಯ ಟಿಬಿ ಇರಬಹುದು.

ಐಸಿಯು ಬಾಗಿಲಲ್ಲಿ

ರೋಗಿ ದಿನವೂ ನುಂಗುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಟಿಬಿಯ ರಿಫಾಂಪಿಸಿನ್ ಬೇರೆ ಔಷಧಿಗಳ ಬಲ ತಗ್ಗಿಸುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸ್ ಮಾತ್ರೆ, ಕೆಲವು ಸಕ್ಕರೆ ಕಾಯಿಲೆ ಮಾತ್ರೆ ಆ ಪಟ್ಟಿಯಲ್ಲಿವೆ.

ವೆಂಟಿಲೇಟರ್‌ನಲ್ಲಿ ಇರುವವರು ಕಫ ಉಗುಳಲಾರರು. ಉಸಿರಿನ ನಳಿಕೆಯಿಂದಲೇ ಅದನ್ನು ಎಳೆದು ಟಿಬಿ ರೋಗಾಣು ಹುಡುಕುವ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆಗೆ ಕಳಿಸುತ್ತಾರೆ. ರಿಫಾಂಪಿಸಿನ್‌ಗೆ ಬಗ್ಗದ ಟಿಬಿಯೇ ಎಂಬುದೂ ಅದರಲ್ಲಿ ತಿಳಿಯುತ್ತದೆ. ‘ಆ ರಿಪೋರ್ಟ್ ಏನಾಯಿತು?’ ಎಂದು ಕೇಳಿ, ಸಂಕೋಚ ಬೇಡ. ಮಾತ್ರೆಗಳನ್ನು ಮೂಗಿನ ನಳಿಕೆಯಲ್ಲಿ ಕೊಡುತ್ತಾರೆ. ಆದರೆ ಇಷ್ಟು ಕಾಯಿಲೆಯಾದ ಹೊಟ್ಟೆ ಔಷಧಿಯನ್ನು ಸರಿಯಾಗಿ ಹೀರುವುದಿಲ್ಲ. ಅದಕ್ಕೇ ಕೆಲವರಿಗೆ ಇಂಜೆಕ್ಷನ್ ಸೇರಿಸುತ್ತಾರೆ. ಲಿವರ್‌ಗೆ ಪೆಟ್ಟಾದರೆ ಕೆಲವು ಮಾತ್ರೆ ನಿಲ್ಲಿಸಿ ಬೇರೆ ಕೊಡುತ್ತಾರೆ, ಅದನ್ನು ಎಡವಟ್ಟು ಅಂದುಕೊಳ್ಳಬೇಡಿ. ಮೂತ್ರದ ಚೀಲ ಕಿತ್ತಳೆ ಬಣ್ಣಕ್ಕೆ ತಿರುಗುವುದೂ ರಿಫಾಂಪಿಸಿನ್ ಕೆಲಸವೇ.

ಸುಮ್ನೆ ಪ್ರೀತಿಗೆ ಅಂತ ಕದ್ದುಮುಚ್ಚಿ ಗಂಜಿ, ಗ್ಲೂಕೋಸ್ ಕೊಡಬೇಡಿ. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಊಟ ಹೋದರೆ ರಕ್ತದ ಫಾಸ್ಫೇಟ್, ಪೊಟ್ಯಾಷಿಯಂ ಕುಸಿದು ಹೃದಯದ ಬಡಿತವೇ ತಪ್ಪಬಹುದು. ಊಟ ಮೆಲ್ಲಗೆ ಏರಿಸಬೇಕು.

ಹೊರಗೆ ಕಾಯುವವರ ಕೆಲಸ

ಖಾಸಗಿ ಆಸ್ಪತ್ರೆಯಾದರೂ ಟಿಬಿ ರೋಗಿಗಳ ಸರ್ಕಾರಿ ಪೋರ್ಟಲ್ ನಿಕ್ಷಯ್‌ನಲ್ಲಿ ಹೆಸರು ನೋಂದಾಯಿಸಲೇಬೇಕು, ಆ ಐಡಿ ಕೇಳಿ ಪಡೆಯಿರಿ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುವುದು ಅದರಿಂದಲೇ. ಸಹಾಯವಾಣಿ 1800-11-6666. ಮನೆಯ ಎಲ್ಲರಿಗೂ ತಪಾಸಣೆ ಆಗಲಿ, ಐದು ವರ್ಷದೊಳಗಿನ ಮಕ್ಕಳಿಗೆ ಮೊದಲು. ಕಾಯಿಲೆ ಇಲ್ಲದಿದ್ದರೂ ಅವರಿಗೆ ತಡೆಗಟ್ಟುವ ಮಾತ್ರೆ ಕೊಡುತ್ತಾರೆ.

ಡಿಸ್ಚಾರ್ಜ್ ದಿನ ಚೀಟಿಯಲ್ಲಿ ಟಿಬಿ ಮಾತ್ರೆ ಬರೆದಿದೆಯಾ ನೋಡಿ. ಮೆದುಳಿನ ಟಿಬಿಗೆ ಸ್ಟೀರಾಯ್ಡ್ ಕೊಟ್ಟಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ದಿನಕ್ಕೆ ಎಷ್ಟು ಟಿಬಿ ಮಾತ್ರೆ ಎನ್ನುವುದು ತೂಕದ ಮೇಲೆ ಹೋಗುತ್ತದೆ. ದೊಡ್ಡವರಿಗೆ 34 ಕೆಜಿವರೆಗೆ ಎರಡು, 35ರಿಂದ 49ರವರೆಗೆ ಮೂರು, ಆಮೇಲೆ ಇನ್ನೂ ಹೆಚ್ಚು. ಹಾಗಾಗಿ ತಿಂಗಳಿಗೊಮ್ಮೆ ತೂಕ ನೋಡಿ, ಏರಿದ್ದರೆ ಡಾಕ್ಟರಿಗೆ ತಿಳಿಸಿ.